ಪೈಪಿಗೆ ಕಟ್ಟಿದ ಕ್ಯಾನು

ಗೇಜು ಮತ್ತೆ ಮೇಲೆದ್ದಿತ್ತು. ಬೆಳಿಗ್ಗೆ ಊರು ಬಿಡುವ ಮೊದಲು ಕೆಂಪರಾಜು ಬಾನೆಟ್ ಎತ್ತಿ ಆಯಿಲ್ಲಿನ ಮಟ್ಟ ನೋಡುವ ಗೇಜಿನ ಕಡ್ಡಿಯನ್ನು ಹೆಬ್ಬೆರಳಿನಿಂದ ಒತ್ತಿ ಕೂರಿಸಿದ್ದ. ಮದ್ದೂರು ದಾಟಿ ಮಂಡ್ಯದ ರಸ್ತೆಗೆ ಬೀಳುವಷ್ಟರಲ್ಲಿ ಅದು ತನ್ನ ಕೊಳವೆಯಿಂದ ಹೊರಕ್ಕೆ ಬಂದು, ಒಳಗಿನಿಂದ ಯಾರೋ ನೂಕಿ ನಿಲ್ಲಿಸಿದ ಹಾಗೆ ನಿಂತಿತ್ತು. ಅದರ ಸುತ್ತ ಆಯಿಲ್ ಉಕ್ಕಿ ಇಂಜಿನ್ನಿನ ಮೈಯೆಲ್ಲ ಕಪ್ಪಾಗಿ ಹೊಳೆಯುತ್ತಿತ್ತು. ಲಾರಿಯನ್ನು ಪಕ್ಕಕ್ಕೆ ಹಾಕಿ ಅವನು ಅದನ್ನು ನೋಡುತ್ತ ಕೂತ. ಇನ್ನೊಮ್ಮೆ ಒತ್ತಬಹುದಿತ್ತು, ಒತ್ತಲಿಲ್ಲ. ಒತ್ತಿದಷ್ಟೂ ಏಳುವ ಈ ಕಡ್ಡಿ ತನ್ನನ್ನು ಆಡಿಕೊಳ್ಳುತ್ತಿದೆ ಅನ್ನಿಸಿತು. ನಿನ್ನೆ ಮಳವಳ್ಳಿಯ ಮೆಕ್ಯಾನಿಕ್ಕು ಸೈಲೆನ್ಸರಿನ ಹೊಗೆಯನ್ನೊಮ್ಮೆ, ಇವನ ಮುಖವನ್ನೊಮ್ಮೆ ನೋಡಿ, 'ಇಂಜಿನ್ ಇಳಿಸ್ಬೇಕಾಯ್ತದೆ' ಅಂದವನು, ಹಲ್ಲಿನ ಸಂದಿಯಲ್ಲಿ ಸಿಕ್ಕಿದ್ದನ್ನು ತೆಗೆಯುತ್ತ ಒಳಗೆ ಹೋಗಿದ್ದ. ಕಬ್ಬು ಅರೆಯುವ ಕಾಲ. ಈಗ ಇಂಜಿನ್ ಇಳಿಸಿದರೆ ಅದು ಮತ್ತೆ ಏರುವ ಹೊತ್ತಿಗೆ ಗದ್ದೆಯೊಡೆಯ ಚಲುವರಾಜು ತನ್ನ ಕಬ್ಬನ್ನು ಇನ್ನೊಬ್ಬನ ಲಾರಿಗೆ ಹಾಕಿರುತ್ತಾನೆ. ಚಲುವರಾಜು ಹಾಗೆ ಮಾಡಿದರೆ ಆ ಸಾಲಿನ ಗದ್ದೆಯವರೆಲ್ಲ ಹಾಗೇ ಮಾಡುತ್ತಾರೆ. ಆಮೇಲೆ ಲಾರಿ ಮನೆಯ ಮುಂದೆ ನಿಲ್ಲುತ್ತದೆ. ನಿಂತ ಲಾರಿಯನ್ನು ಮಾರಬೇಕು. ಮಾರಿದವನು ಕಬ್ಬು ಕಡಿಯಲು ಹೋಗಬೇಕು, ಅದೇ ಗದ್ದೆಗೆ.

ಪಕ್ಕದ ಸೀಟಿನಲ್ಲಿ ಅವನ ಅಪ್ಪ ಮರಿಸಿದ್ದಯ್ಯ ಟವೆಲ್ಲನ್ನು ಮಡಿಲಲ್ಲಿ ಮಡಿಸಿ ಇಟ್ಟುಕೊಂಡು ನೆಟ್ಟಗೆ ಕೂತಿದ್ದ. ಸ್ವಂತ ಲಾರಿ ಬಂದು ಇಷ್ಟು ದಿನವಾದರೂ ಅವನು ಸೀಟಿಗೆ ಒರಗಿ ಕೂತದ್ದನ್ನು ಕೆಂಪರಾಜು ನೋಡಿರಲಿಲ್ಲ. ಯಾರಾದರೂ ಎದ್ದೇಳು ಅಂದರೆ ತಕ್ಷಣ ಏಳಲು ಸಿದ್ಧವಾಗಿರುವವನ ಹಾಗೆ ಸೀಟಿನ ತುದಿಯಲ್ಲೇ ಕೂರುತ್ತಿದ್ದ. ಲೋಡಿಗೆ ಹಗ್ಗ ಕಟ್ಟುವುದು ಅವನ ಕೆಲಸ. ಅವನು ಕಟ್ಟಿದ ಕಬ್ಬು ಭಾರತೀನಗರದ ಫ್ಯಾಕ್ಟರಿಯ ಗೇಟು ಮುಟ್ಟುವವರೆಗೆ ಒಂದು ಜಲ್ಲೆಯೂ ಜಾರುತ್ತಿರಲಿಲ್ಲ. ಗೇಟಿನ ಹತ್ತಿರ ಗಂಟು ಬಿಚ್ಚಲು ಬೇರೆ ಡ್ರೈವರುಗಳು ಕೈ ಹಾಕಿ, ಆಗದೆ ಬೈದುಕೊಂಡು ಹೋಗುತ್ತಿದ್ದರು.

"ಮೆಲ್ಗೆ ಓಡ್ಸು ಮಗ," ಅಂದ ಮರಿಸಿದ್ದಯ್ಯ.

"ನಿಂತದೆ ಲಾರಿ. ನಿಂತಿರೋದ್ನ ಇನ್ನೆಂಗಪ್ಪ ಮೆಲ್ಗೆ ಓಡ್ಸದು?"

ಮುದುಕ ಹೊರಗೆ ನೋಡಿದ. ನಿಂತಿರುವುದು ಈಗ ಗೊತ್ತಾದವನಂತೆ ತಲೆಯಾಡಿಸಿದ. ಆ ತಲೆಯಾಡಿಸುವಿಕೆಯೇ ಕೆಂಪರಾಜುವಿನ ಮೈ ಉರಿಸುತ್ತಿತ್ತು. ಯಾರು ಏನೆಂದರೂ ಆಡುವ ತಲೆ. ಕಳೆದ ತಿಂಗಳು ಚಲುವರಾಜುವಿನ ಅಂಗಳದಲ್ಲಿಯೂ ಹೀಗೇ ಆಡಿತ್ತು. ಮನೆಯ ಹಿಂದೆಯೇ ಗದ್ದೆ; ಲಾರಿ ಅಂಗಳದಲ್ಲಿ ನಿಂತರೆ ಆಳುಗಳು ಹೊರೆ ಹೊತ್ತು ತಂದು ತುಂಬುತ್ತಾರೆ. ಅಂಗಳಕ್ಕೆ ಆಗಷ್ಟೇ ಕೆಂಪು, ಬೂದಿ ಬಣ್ಣದ ಇಂಟರ್‌ಲಾಕ್ ಕಲ್ಲು ಹಾಸಿದ್ದರು. ಕಲ್ಲಿನ ಮೇಲೆ ಲಾರಿಯ ಹೊಟ್ಟೆಯ ಕೆಳಗೆ ಆಯಿಲ್ಲಿನ ತೊಟ್ಟುಗಳು. ಇಂಜಿನ್ನಿನೊಳಗೆ ಸೇರಿಕೊಳ್ಳುವ ಹೊಗೆಯನ್ನು ಹೊರಗೆ ಬಿಡಲು ಒಂದು ಬ್ರೀದರ್ ಪೈಪು ಇರುತ್ತದೆ. ಹಳೆಯ ಇಂಜಿನ್ನಾದರೆ ಹೊಗೆಯ ಜೊತೆ ಒಂದಿಷ್ಟು ಆಯಿಲ್ಲೂ ಅದರ ಬಾಯಿಂದ ತೊಟ್ಟಿಕ್ಕುತ್ತದೆ. ಎಲ್ಲ ಲಾರಿಗಳಲ್ಲೂ ತೊಟ್ಟಿಕ್ಕುತ್ತದೆ. ಜಗಲಿಯ ಮೇಲೆ ಕೂತಿದ್ದ ನಾಲ್ಕಾರು ಜನದ ಮುಂದೆ ಚಲುವರಾಜು, ಬಾಯಲ್ಲಿದ್ದ ಎಲೆಅಡಿಕೆಯನ್ನು ಒಂದು ಕೆನ್ನೆಗೆ ನೂಕಿಕೊಂಡು, "ಏನ್ಲಾ ಕೆಂಪ, ನಿನ್ ಲಾರಿಗೆ ಉಚ್ಚೆ ಇಡ್ಕಳಾದ್ನ ಯಾರೂ ಕಲ್ಸಿಲ್ವೇನ್ಲಾ?" ಅಂದಿದ್ದ. ಎಲ್ಲರೂ ನಕ್ಕರು. ಅದು ಕೆಟ್ಟ ನಗುವಲ್ಲ. ಹೊಟ್ಟೆ ತುಂಬಿದವರ ಸಾಧಾರಣ ನಗು. ಅಪ್ಪನೂ ನಕ್ಕ, ತಲೆಯಾಡಿಸುತ್ತ. ಅದನ್ನೇ ಕೆಂಪರಾಜು ಈ ತಿಂಗಳೆಲ್ಲ ಅಗಿದಿದ್ದ. ಆದರೆ ಅಪ್ಪನ ನಗುವನ್ನು ನೆನೆದಾಗಲೆಲ್ಲ ಅದರ ಹಿಂದೆ ಇನ್ನೊಂದು ಸದ್ದೂ ಕೇಳುತ್ತಿತ್ತು, ಮೂಗಿನಿಂದ ಬಂದ ಸಣ್ಣ ಸದ್ದು. ಅದು ತನ್ನದೇ. ತಾನೂ ನಕ್ಕಿದ್ದ. ಮಾರನೆಯ ದಿನ ಹಳೆಯ ಆಯಿಲ್ ಕ್ಯಾನೊಂದನ್ನು ಹುಡುಕಿ, ತಂತಿ ಹಾಕಿ, ಪೈಪಿನ ಬಾಯಿಯ ಕೆಳಗೆ ನೇತು ಹಾಕಿದವನು ತಾನೇ. ಯಾರೂ ಹೇಳಿರಲಿಲ್ಲ.

ಮತ್ತೆ ಹೊರಟು ಮಂಡ್ಯ ಮುಟ್ಟುವವರೆಗೆ ಅವನು ಶಿವರಾಮುವಿಗೆ ಏನೇನು ಅನ್ನಬೇಕೆಂದು ಜೋಡಿಸಿಕೊಂಡ. ಇಂಜಿನ್ ಬೋರ್ ಮಾಡಿಕೊಟ್ಟವನು ಶಿವರಾಮು. ಅಗ್ಗದ ಪಿಸ್ಟನ್ ರಿಂಗು ಹಾಕಿ ಟೋಪಿ ಹಾಕಿದ್ದಾನೆ. ಇವನು ಕೇರಿಯವನು, ಕೇಳುವುದಕ್ಕೆ ಬರುವುದಿಲ್ಲ ಅಂದುಕೊಂಡಿದ್ದಾನೆ. ಶೆಡ್ಡಿನಲ್ಲಿರುವವರೆಲ್ಲ ಕೇಳುವ ಹಾಗೆ ಕೂಗಬೇಕು, ಸ್ಪ್ಯಾನರು ಎತ್ತಿ ಬಿಸಾಡಬೇಕು. ಬೈಗುಳಗಳು ಒಂದರ ಹಿಂದೊಂದು ಚೆನ್ನಾಗಿಯೇ ಬಂದವು. ರಸ್ತೆಯ ಮೇಲೆ ಯಾವಾಗಲೂ ಚೆನ್ನಾಗಿಯೇ ಬರುತ್ತವೆ. ಯಾವನೋ ಕಾರಿನವನು ಹಾರ್ನ್ ಹೊಡೆದು ಎಡಗಡೆಯಿಂದ ನುಗ್ಗಿದಾಗ ಅವನಿಗೂ ಎರಡು ಸೇರಿಸಿದ. ಕಿಟಕಿಯ ಗಾಜು ಏರಿತ್ತು, ಅವನಿಗೆ ಕೇಳಿಸಲಿಲ್ಲ. ಕೇಳಿದ್ದು ಅಪ್ಪನಿಗೆ ಮಾತ್ರ. ಅಪ್ಪ ಮಡಿಲಿನ ಟವೆಲ್ಲನ್ನು ಬಿಚ್ಚಿ ಮತ್ತೆ ಮಡಿಸಿದ.

ಶಿವರಾಮುವಿನ ಶೆಡ್ಡು ಊರ ಹೊರಗಿನ ರಸ್ತೆಯ ಬದಿಗೆ, ಒಂದು ಬೇವಿನ ಮರದ ಕೆಳಗೆ. ಅವನು ಒಂದು ಟಿಪ್ಪರಿನ ಚಕ್ರದ ಮೇಲೆ ಕಾಲಿಟ್ಟುಕೊಂಡು ಟೀ ಕುಡಿಯುತ್ತಿದ್ದ. ಹೊಟ್ಟೆ ಅಂಗಿಯ ಗುಂಡಿಗಳ ನಡುವಿನಿಂದ ಇಣುಕುತ್ತಿತ್ತು.

"ಏನ್ ಗುರು, ಮಕ ಇಂಗ್ ಊದ್ಸ್ಕೊಂಡಿದ್ದೀಯೆ? ಕೆಟ್ಟಿರೋದು ಲಾರಿಯೋ ನೀನೋ?"

"ನೀನೇ ಬೋರ್ ಮಾಡಿದ್ ಇಂಜಿನ್ ಕಣ್ಲಾ ಇದು. ಮಳವಳ್ಳೀಲಿ ಬಿಚ್ಬೇಕು ಅಂತಾವ್ರೆ."

"ಅಂದೋನು ಆಯಿಲ್ ಫಿಲ್ಲರ್ ಕ್ಯಾಪ್ ಬಿಚ್ ನೋಡುದ್ನಾ?"

"ಒಗೆ ನೋಡ್ದ."

"ಒಗೆ ನೋಡಿ ಇಂಜಿನ್ ಬಿಚ್ಸೋನು ಕೆಮ್ಮು ಕೇಳಿ ಎದೆ ಕುಯ್ತಾನೆ. ಟೀ ಕುಡಿ. ಯಜಮಾನ್ರೇ, ನೀವೂ ಬನ್ನಿ, ಅಲ್ಲ್ಯಾಕ್ ನಿಂತಿದ್ದೀರಿ ಪೋಲಿಸ್ನೋರ್ ಕರ್ಕಬಂದೋರಂಗೆ?"

ಜೋಡಿಸಿಕೊಂಡು ಬಂದ ಬೈಗುಳಗಳೆಲ್ಲ ಎಲ್ಲಿ ಹೋದವೋ. ಟೀ ಗ್ಲಾಸು ಕೈಗೆ ಬಂತು, ಎಲ್ಲರಿಗೂ ಕೊಟ್ಟಂಥದ್ದೇ ಗಾಜಿನ ಗ್ಲಾಸು. ಕೆಂಪರಾಜು ಅದನ್ನು ಒಮ್ಮೆ ನೋಡಿ ಕುಡಿದ. ಗ್ಲಾಸನ್ನು ನೋಡದೆ ಟೀ ಕುಡಿಯುವುದು ತನಗೆ ಈ ಜನ್ಮದಲ್ಲಿ ಆಗುವುದಿಲ್ಲವೇನೋ. ಅದಕ್ಕೂ ಸಿಟ್ಟು ಬಂತು. ಚಲುವರಾಜುವಿನ ಮನೆಯಲ್ಲಿ, ಎಲ್ಲರೂ ಮೂಗುಬಾಯಿ ಮುಚ್ಚಿಕೊಂಡು ಓಡಾಡಿದ ಕಾಯಿಲೆಯ ವರ್ಷದಲ್ಲಿ, ಕಾಗದದ ಲೋಟಗಳು ಬಂದವು. ಆಗ ಎಲ್ಲರಿಗೂ ಕಾಗದದ ಲೋಟವೇ. ಕಾಯಿಲೆ ಹೋಯಿತು, ಜಗಲಿಯ ಮೇಲಿನವರಿಗೆ ಸ್ಟೀಲ್ ಲೋಟಗಳು ವಾಪಸು ಬಂದವು. ಅಂಗಳದಲ್ಲಿ ನಿಲ್ಲುವವರಿಗೆ ಕಾಗದದ್ದೇ ಉಳಿಯಿತು. ಯಾರೂ ಏನೂ ಅನ್ನಲಿಲ್ಲ, ಅನ್ನುವಂಥದ್ದು ಏನೂ ಆಗಿರಲಿಲ್ಲ. ಚಲುವರಾಜುವಿನ ಹೆಂಡತಿ ಇಂದ್ರಮ್ಮ ನಗುನಗುತ್ತಲೇ ಕೊಡುತ್ತಿದ್ದಳು, ಸಕ್ಕರೆ ಸಾಕಾ ಎಂದು ಕೇಳುತ್ತಿದ್ದಳು. ಹೀಗೆ ನಗುನಗುತ್ತ ಕೊಟ್ಟದ್ದನ್ನು ಯಾವ ಮುಖ ಹೊತ್ತು ಬೇಡ ಅನ್ನುವುದು?

ಶಿವರಾಮು ಕ್ಯಾಬಿನ್ನಿಗೆ ಹತ್ತಿ ಬಾನೆಟ್ ಎತ್ತಿದ. ಸ್ಟಾರ್ಟ್ ಮಾಡಿ ಹಾಗೇ ಬಿಡು ಅಂದ. ಇಂಜಿನ್ ಗುಡುಗುಡು ಅನ್ನುತ್ತಿರುವಾಗಲೇ ಆಯಿಲ್ ಹಾಕುವ ಬಾಯಿಯ ಮುಚ್ಚಳವನ್ನು ತಿರುಗಿಸಿ ತೆಗೆದ. ಬಿಸಿ ಹೊಗೆ ಉಸ್ಸೆಂದು ಅವನ ಮುಖಕ್ಕೆ ಹೊಡೆಯಿತು. ಮುಚ್ಚಳವನ್ನು ತಿರುವಿ, ಬಿಗಿ ಮಾಡದೆ, ಆ ಬಾಯಿಯ ಮೇಲೆ ಸುಮ್ಮನೆ ಕವುಚಿ ಇಟ್ಟ. ಅದು ಕುಣಿಯಿತು. ಕುದಿಯುವ ಪಾತ್ರೆಯ ತಟ್ಟೆಯ ಹಾಗೆ ತಟಪಟ ಬಡಿದುಕೊಂಡು, ಒಂದು ಸಲ ಎಗರಿ, ಇಂಜಿನ್ನಿನ ಮೇಲಿಂದ ಉರುಳಿ ಕೆಳಗೆ ಬಿತ್ತು. ಕೆಂಪರಾಜುವಿಗನ್ನಿಸಿತು: ಮಳವಳ್ಳಿಯವನು ಹೇಳಿದ್ದೇ ನಿಜ.

"ಬ್ಯಾಕ್ ಕಂಪ್ರೆಸನ್ನು," ಅಂದ ಶಿವರಾಮು. "ಪಿಸ್ಟನ್ ಪಕ್ಕದಿಂದ ಇಳ್ದಿರೋ ಗಾಳಿ ಒಳ್ಗೇ ಸೇರ್ಕೊಂಡದೆ. ರಿಂಗ್ ಸವ್ದಿದ್ರೆ ಇಂಜಿನ್ ಇಳಿಸ್ಲೇಬೇಕು, ಸುಳ್ ಯಾಕೇಳ್ಲಿ. ಇರು, ಅದ್ಕೂ ಮುಂಚೆ ಬ್ರೀದರ್ ನೋಡ್ಬುಡ್ಮ. ಗಾಳಿ ಆಚ್ಗೆ ಓಗೋ ದಾರಿಯೇ ಮುಚ್ಕೊಂಡಿದ್ರೆ ಪಾಪ ಅದಾದ್ರೂ ಏನ್ ಮಾಡ್ತದೆ?"

ಇಂಜಿನ್ ಆಫ್ ಮಾಡಿಸಿ, ಒಂದು ಗೋಣಿ ತಾಟು ಎಳೆದುಕೊಂಡು ಲಾರಿಯ ಕೆಳಗೆ ನುಸುಳಿದ. ಸ್ವಲ್ಪ ಹೊತ್ತಿಗೆ ಚಾಸಿಯ ಕೆಳಗಿನಿಂದ ಅವನ ನಗು ಬಂತು. ನಗುವಿನ ನಡುವೆ ಕೆಮ್ಮು.

"ಯಾವ್ ಬಡ್ಡೈದ್ನಪ್ಪಾ ಇದ್ನ ಕಟ್ದೋನು? ಬಾ ಇಲ್ಲಿ, ಬಗ್ಗಿ ನೋಡ್ಲಾ. ಇಂಗ್ ಕಟ್ಟಿದ್ರೆ ಆನೇನೂ ಉಸ್ರಾಡಕಿಲ್ಲ!"

ಕೆಂಪರಾಜು ಬಗ್ಗಿದ. ತಾನು ತಂತಿಯಲ್ಲಿ ಸಡಿಲವಾಗಿ ನೇತು ಹಾಕಿದ್ದ ಕ್ಯಾನು ಈಗ ಪೈಪಿನ ಬಾಯಿಯನ್ನೇ ನುಂಗಿಕೊಂಡು ಕೂತಿತ್ತು. ಅದರ ಕೊರಳಿಗೆ ಸೈಕಲ್ ಟ್ಯೂಬಿನ ಪಟ್ಟಿಯನ್ನು ಸುತ್ತಿ ಸುತ್ತಿ, ಎಳೆದು, ಸಂದಿಯೇ ಇಲ್ಲದಂತೆ ಬಿಗಿದಿದ್ದರು. ಕೊನೆಯಲ್ಲಿ ಒಂದು ಗಂಟು. ಆ ಗಂಟನ್ನು ಅವನು ಎಲ್ಲಿದ್ದರೂ ಗುರುತಿಸಬಲ್ಲ. ಶಿವರಾಮು ಅದನ್ನು ಬಿಚ್ಚಲು ನೋಡಿ, ಆಗದೆ, ಬ್ಲೇಡು ತರಿಸಿ ಕೊಯ್ದ. ಪಟ್ಟಿ ಹರಿದದ್ದೇ ಕ್ಯಾನು ಪೈಪಿನಿಂದ ಸಿಡಿದು ಬಂತು, ಹಿಂದೆಯೇ ಒಂದು ದೀರ್ಘವಾದ ಉಸಿರು, ಸುಟ್ಟ ಆಯಿಲ್ಲಿನ ವಾಸನೆ. ಹಾಸ್ಟೆಲಿನಲ್ಲಿದ್ದಾಗ ಯಾರೋ ಭಾಷಣದಲ್ಲಿ ಹೇಳಿದ್ದು ಕೆಂಪರಾಜುವಿಗೆ ನೆನಪಾಯಿತು: ಒಂದು ಕಾಲದಲ್ಲಿ, ಎಲ್ಲೋ, ಉಗುಳು ನೆಲಕ್ಕೆ ಬೀಳಬಾರದೆಂದು ಕೊರಳಿಗೆ ಕುಡಿಕೆ ಕಟ್ಟಿಕೊಂಡು ನಡೆಯಬೇಕಿತ್ತಂತೆ. ಆಗ ಅವನು ಹಿಂದಿನ ಬೆಂಚಿನಲ್ಲಿ ಕೂತು ಆಕಳಿಸಿದ್ದ, ಅದೆಲ್ಲ ಯಾವ ಕಾಲದ ಮಾತು ಎಂದು. ಈಗ ಅದು ನೆನಪಾದದ್ದಕ್ಕೆ, ಇಷ್ಟು ಜನದ ಮುಂದೆ, ಲಾರಿಯ ಕೆಳಗೆ ಮಂಡಿಯೂರಿದ್ದಾಗ ನೆನಪಾದದ್ದಕ್ಕೆ, ರಕ್ತ ತಲೆಗೇರಿತು.

ಎದ್ದು ತಿರುಗಿದ. ಮರಿಸಿದ್ದಯ್ಯ ಹಿಂದೆಯೇ ಬಂದು ನಿಂತಿದ್ದ. ಅವನ ಮುಖದಲ್ಲಿ ಅಂಜಿಕೆಯಿರಲಿಲ್ಲ. ಅಲ್ಲಿದ್ದದ್ದು ಹೆಮ್ಮೆ.

"ನಾನೇ ಕಣಪ್ಪ," ಅಂದ ಶಿವರಾಮುವಿಗೆ. "ಇವ್ನು ತಂತೀಲಿ ನೇತಾಕಿದ್ದ, ಗಾಡಿ ಎಗರ್ದಾಗೆಲ್ಲ ಚೆಲ್ಲೋದು. ಇಂದ್ರಮ್ಮೋರು ಬೆಳಗಾಗೆದ್ದು ಸೋಪಾಕಿ ಉಜ್ಜೋರು. ಅದ್ಕೇ ಬಿಗಿಯಾಗ್ ಕಟ್ಬುಟ್ಟೆ. ಪೈಪ್ನಿಂದ ಒಂದ್ ತೊಟ್ಟೂ ಆಚ್ಗೆ ಬರ್ನಿಲ್ಲ, ನೋಡಿ ಬೇಕಾದ್ರೆ."

"ಬರ್ನಿಲ್ಲ!" ಕೆಂಪರಾಜುವಿಗೆ ತನ್ನ ಧ್ವನಿಯೇ ಯಾರದೋ ಅನ್ನಿಸಿತು. "ಎಂಗಪ್ಪ ಬತ್ತದೆ? ನಿನ್ ಬಾಯ್ ಕಟ್ಕೊಂಡ್ ಬದುಕಿದ್ದು ಸಾಲ್ದು ಅಂತ ನನ್ ಲಾರಿ ಬಾಯ್ನೂ ಕಟ್ದಾ? ಅವ್ಳು ಕಲ್ಲುಜ್ಜುದ್ರೆ ನಿನಗ್ಯಾಕೆ ಕೈ ನೋಯ್ತದೆ? ನೀನ್ ಬಾಚ್ತಿದ್ದ ಅವ್ರ ಹಟ್ಟಿ ಸಗಣಿ ಇನ್ನೂ ನಿನ್ ಮೈ ಬುಟ್ಟಿಲ್ಲ ಕಣಪ್ಪ. ನೀನ್ ಸಾಯೋಗಂಟ ಬುಡಕಿಲ್ಲ!"

ಟಿಪ್ಪರಿನ ಕೆಳಗಿದ್ದವನೊಬ್ಬ ತಲೆ ಹೊರಗೆ ಹಾಕಿ ನೋಡಿದ. ಮರಿಸಿದ್ದಯ್ಯನ ತಲೆ ಈ ಸಲ ಆಡಲಿಲ್ಲ. ಟವೆಲ್ಲನ್ನು ಹೆಗಲಿಂದ ತೆಗೆದು ಕೈಗೆ ಸುತ್ತಿಕೊಂಡು ಅವನು ಬೇವಿನ ಮರದ ಕಡೆ ನಡೆದ. ಕೆಂಪರಾಜುವಿಗೆ ಒಂದು ಕ್ಷಣ ಎದೆ ಹಗುರಾಯಿತು. ಶಿವರಾಮುವಿಗೆಂದು, ಮಳವಳ್ಳಿಯವನಿಗೆಂದು, ಜಗಲಿಯ ಮೇಲಿನ ನಗುವಿಗೆಂದು ಕೂಡಿಟ್ಟದ್ದೆಲ್ಲ ಒಂದೇ ಸಲ ಹೊರಗೆ ಹೋಗಿತ್ತು, ಅತಿ ಸುಲಭವಾಗಿ, ಸಂದಿ ಸಿಕ್ಕ ಕಡೆ.

"ಮೊದ್ಲು ಕ್ಯಾನ್ ನೇತಾಕ್ದೋನ್ ಯಾರ್ಲಾ?" ಶಿವರಾಮು ಕೇಳಿದ, ಕೈ ಒರೆಸಿಕೊಳ್ಳುತ್ತ.

"ನಾನು."

"ಮತ್ತೆ? ಹೆತ್ತೋನ್ನ ಇಂಗಾ ಅನ್ನದು? ನಿನ್ನಂತೋನ್ ನನ್ ಮಗ ಆಗಿದ್ರೆ ಸ್ಪ್ಯಾನರ್ ತಕ್ಕೊಂಡ್ ಬುಡ್ತಿದ್ದೆ. ಓಗು, ಓಗಿ ಬ್ರೀದರ್ ತಕ್ಕೊಂಬಾ. ಪೈಪೂ ತಾ, ಕ್ಲಿಪ್ಪೂ ತಾ. ನಿಂತ್ಕೊಂಡ್ ಉರೀಬ್ಯಾಡ."

ಸ್ಪೇರ್ ಅಂಗಡಿಗೆ ಹೋಗಿ ಬರುವಷ್ಟರಲ್ಲಿ ಶಿವರಾಮು ಇಂಜಿನ್ನಿನ ತಲೆ ಮುಚ್ಚುವ ಟ್ಯಾಪೆಟ್ ಕವರಿನ ಮೇಲಿದ್ದ ಬ್ರೀದರಿನ ಡಬ್ಬಿಯನ್ನು ಬಿಚ್ಚಿ ಕಾಗದದ ಮೇಲೆ ಇಟ್ಟಿದ್ದ. ಒಳಗಿನ ಜಾಲರಿ ಕಾಣುತ್ತಲೇ ಇರಲಿಲ್ಲ. ಕಾಕಂಬಿಯ ಹಾಗೆ ಮಂದವಾದ ಕಪ್ಪು ಕೆಸರು ಮೆತ್ತಿಕೊಂಡಿತ್ತು. ಡೀಸೆಲ್ಲಿನಲ್ಲಿ ತೊಳೆದು ಹಾಕಬಹುದಲ್ಲ ಎಂದು ಕೆಂಪರಾಜು ಕೇಳಿದ್ದಕ್ಕೆ, ಬಾಯಿಂದ ಊದಿ ತೋರಿಸಿದ. ಗಾಳಿ ಆ ಕಡೆ ಹೋಗಲಿಲ್ಲ, ಅವನ ಕೆನ್ನೆಗಳೇ ಉಬ್ಬಿದವು. ಹಳೆಯ ಗ್ಯಾಸ್ಕೆಟ್ಟನ್ನು ಕೆರೆದು ತೆಗೆದು, ಜಾಗವನ್ನು ಬಟ್ಟೆಯಿಂದ ಒರೆಸಿ, ಹೊಸದನ್ನು ಕೂರಿಸಿ, ಬೋಲ್ಟುಗಳನ್ನು ಒಂದೊಂದಾಗಿ ಸ್ವಲ್ಪ ಸ್ವಲ್ಪವೇ ಬಿಗಿದ. ಹೊಸ ಪೈಪನ್ನು ಮಡಿಕೆ ಬೀಳದಂತೆ ಚಾಸಿಯ ಪಕ್ಕದಲ್ಲಿ ಇಳಿಸಿ ಕ್ಲಿಪ್ಪು ಹಾಕಿದ. ಕೆಳಗಿನ ಬಾಯನ್ನು ಬೆರಳು ಹಾಕಿ ನೋಡಿದ. ಮತ್ತೆ ಸ್ಟಾರ್ಟ್. ಮತ್ತೆ ಆಯಿಲ್ ಬಾಯಿಯ ಮೇಲೆ ಕವುಚಿಟ್ಟ ಮುಚ್ಚಳ. ಕೆಂಪರಾಜು ಉಸಿರು ಹಿಡಿದು ನೋಡಿದ. ಮುಚ್ಚಳ ಸಣ್ಣಗೆ ನಡುಗಿತು, ಅಷ್ಟೇ. ಎಗರಲಿಲ್ಲ, ಬಡಿದುಕೊಳ್ಳಲಿಲ್ಲ, ನಿದ್ದೆ ಮಾಡುವವರ ಎದೆಯ ಮೇಲೆ ಇಟ್ಟ ಕೈಯ ಹಾಗೆ ಕೂತಿತ್ತು.

"ರಿಂಗ್ ಚೆನ್ನಾಗವೆ. ನಾನ್ ಮಾಡಿದ್ ಕೆಲ್ಸ ಕಣ್ಲಾ ಅದು," ಅಂದ ಶಿವರಾಮು. "ಹಿಂದ್ಗಡೆ ಆಯಿಲ್ ಸೀಲ್ ಒಂಚೂರು ಬೆವರ್ತಾ ಅದೆ, ಒತ್ತಡ ಇಳಿದ್ಮೇಲೆ ನಿಂತ್ರೂ ನಿಲ್ಬೋದು. ನಾಲ್ಕ್ ದಿನ ನೋಡು. ಆ ಕ್ಯಾನ್ ಬಿಸಾಕು."

"ಇಲ್ಲ. ಬೇಕು."

"ಯಾಕ್ಲಾ? ಪೂಜೆ ಮಾಡಕಾ?"

ಕೆಂಪರಾಜು ಅರ್ಧಕ್ಕೂ ಮೇಲೆ ತುಂಬಿದ್ದ ಕ್ಯಾನಿನ ಬಾಯಿಗೆ ಬಟ್ಟೆ ತುರುಕಿ ಕ್ಯಾಬಿನ್ನಿನೊಳಗೆ, ಅಪ್ಪನ ಸೀಟಿನ ಮುಂದೆ ಇಟ್ಟ. ಮರಿಸಿದ್ದಯ್ಯ ಹತ್ತಿ ಕೂತು, ಅದು ಉರುಳದಂತೆ ಎರಡು ಪಾದಗಳ ನಡುವೆ ಹಿಡಿದುಕೊಂಡ. ಲಾರಿ ರಸ್ತೆಗೆ ಬಿದ್ದ ಮೇಲೆ ಕೆಂಪರಾಜು, ಮುಂದೆ ನೋಡುತ್ತಲೇ, "ಇವತ್ತು ಅದ್ನ ಅವ್ನ ಅಂಗಳದಲ್ಲೇ ಸುರೀತೀನಿ," ಅಂದ. "ಆ ಕಲ್ ಮೇಲೆ. ಎಲ್ರೂ ನೋಡ್ಲಿ."

ಅಪ್ಪ ಬೇಡ ಅನ್ನುತ್ತಾನೆ, ಕೈ ಹಿಡಿಯುತ್ತಾನೆ, ಅತ್ತರೂ ಅಳುತ್ತಾನೆ ಎಂದು ಅವನು ಕಾದ. ಅಪ್ಪ ಕ್ಯಾನನ್ನು ಪಾದಗಳಿಂದ ಇನ್ನಷ್ಟು ಒತ್ತಿ ಹಿಡಿದುಕೊಂಡ. ಇಂಜಿನ್ ಇಷ್ಟು ಹಗುರಾಗಿ ಎಳೆದು ಎಷ್ಟು ದಿನವಾಗಿತ್ತೋ. ಮದ್ದೂರಿನ ಹತ್ತಿರ ವಡೆ ಮಾರುವವರು ಬಸ್ಸುಗಳ ಕಿಟಕಿಗೆ ಬುಟ್ಟಿ ಎತ್ತಿ ಹಿಡಿದು ಓಡುತ್ತಿದ್ದರು. ಬಲಕ್ಕೆ ತಿರುಗಿ ಮಳವಳ್ಳಿಯ ರಸ್ತೆಗೆ ಬಂದರೆ ಎರಡೂ ಕಡೆ ಕಬ್ಬು, ನಡುನಡುವೆ ಕೊಯ್ದ ಗದ್ದೆಯಲ್ಲಿ ಒಣಗರಿಯ ರವದಿ ಸುಡುವ ಹೊಗೆ. ಕೆಂಪರಾಜು ಮತ್ತೆ ಮಾತು ಜೋಡಿಸತೊಡಗಿದ. ಈ ಸಲ ಬೈಗುಳವಲ್ಲ, ಒಳ್ಳೆಯ ಕನ್ನಡದಲ್ಲಿ, ಹಾಸ್ಟೆಲಿನ ಭಾಷಣದವರ ಹಾಗೆ. ನೋಡಿ, ಇದು ನನ್ನ ಲಾರಿ. ಇದರ ಹೊಟ್ಟೆಯಲ್ಲಿರುವುದು ಹೊರಗೆ ಬರಲೇಬೇಕು. ನಿಮ್ಮ ಕಲ್ಲು ಕೊಳೆಯಾಗುತ್ತದೆ ಎಂದು ಅದು ಉಸಿರು ಕಟ್ಟಿಕೊಳ್ಳುವುದಕ್ಕಾಗುವುದಿಲ್ಲ. ನನ್ನ ಅಪ್ಪನಿಗೆ ವಯಸ್ಸಾಗಿದೆ, ಅವನನ್ನು ಲೇ ಅನ್ನಬೇಡಿ. 'ನೋಡಿ' ಅನ್ನುವಲ್ಲಿಗೆ ಬಂದು ಪ್ರತಿ ಸಲವೂ ನಿಂತುಬಿಡುತ್ತಿದ್ದ. ನೋಡಿ, ಆಮೇಲೆ? ಅಪ್ಪನ ಹಾಗೆ, ಒಡೆಯರನ್ನು ಕರೆಯುವಂತೆ, 'ಬುದ್ಧಿ' ಎಂದು ಅವನು ಸಾಯುವವರೆಗೂ ಅನ್ನುವವನಲ್ಲ. 'ಅಣ್ಣ' ಬಾಯಿಗೆ ಬರುತ್ತಿರಲಿಲ್ಲ, 'ಗೌಡ್ರೇ' ಅಂದರೆ ನಾಲಿಗೆ ಕಹಿಯಾಗುತ್ತಿತ್ತು. ಆದ್ದರಿಂದ ಚಲುವರಾಜುವಿನ ಹತ್ತಿರ ಅವನು ಯಾವ ಹೆಸರೂ ಬೇಡದ ಮಾತುಗಳನ್ನೇ ಆಡುವುದನ್ನು ಕಲಿತಿದ್ದ. ಲೋಡಾಯ್ತು. ಗೇಟಲ್ಲಿ ಕ್ಯೂ ಅದೆ. ನಾಳೆ ಬತ್ತೀನಿ. ಯಾರಿಗೂ ಆಡದಂಥ, ಗಾಳಿಗೆ ಆಡಿದಂಥ ಮಾತುಗಳು. ಅದನ್ನೇ ಅವನು ಇಷ್ಟು ದಿನ ಸ್ವಾಭಿಮಾನ ಅಂದುಕೊಂಡಿದ್ದ.

ಭಾರತೀನಗರ ಇನ್ನೂ ಬಂದಿರಲಿಲ್ಲ, ಮರಿಸಿದ್ದಯ್ಯ ಕೇಳಿದ: "ಆ ಪೈಪ್ ಕಟ್ಬುಟ್ರೆ ಏನಾಯ್ತದ್ಲಾ ಒಳ್ಗೆ?"

"ಈಗ್ ಕೇಳು! ಗಾಳಿ ಒಳ್ಗೇ ತುಂಬ್ತದೆ. ಎಲ್ಲಿ ಸಂದಿ ಸಿಕ್ಕದೋ ಅಲ್ಲಿ ಸೀಲ್ ಒಡ್ಕೊಂಡು ಆಯಿಲ್ ನುಗ್ತದೆ."

ಮುದುಕ ಪಾದಗಳ ನಡುವಿನ ಕ್ಯಾನನ್ನು ನೋಡಿದ. "ಅದ್ಕೇಯಾ," ಅಂದ, "ನಾನ್ ಕಟ್ಟಿದ್ಮ್ಯಾಕೆ ಕಲ್ ಮೇಲೆ ಇನ್ನೂ ಜಾಸ್ತಿ ಬೀಳ್ತಿದ್ದುದ್ದು. ನಾನು ಇನ್ನೂ ಬಿಗಿಯಾಗ್ ಕಟ್ಬೇಕಿತ್ತೇನೋ ಅನ್ಕೊಂಡಿದ್ದೆ."

ಶೆಡ್ಡಿನಲ್ಲಿ ತಾನು ಅಂದದ್ದು ಕೆಂಪರಾಜುವಿಗೆ ನೆನಪಾಯಿತು. ತಪ್ಪಾಯ್ತು ಅನ್ನಬೇಕೆಂದುಕೊಂಡು ಗೇರ್ ಬದಲಾಯಿಸಿದ. ಗೇರಿನ ಸದ್ದಿನಲ್ಲಿ ಆ ಮಾತಿನ ಹೊತ್ತು ಮೀರಿ ಹೋಯಿತು.

ಅಂಗಳದಲ್ಲಿ ಬಿಸಿಲು ಇನ್ನೂ ಇತ್ತು. ಚಲುವರಾಜು ಜಗಲಿಯ ಕುರ್ಚಿಯಲ್ಲಿ ಕೂತು ಮೊಬೈಲ್ ನೋಡುತ್ತಿದ್ದ. ಪಕ್ಕದಲ್ಲಿ ಅಕ್ಕಪಕ್ಕದ ಗದ್ದೆಯವರು ಇಬ್ಬರು. ಕೆಂಪರಾಜು ಬೇಕೆಂದೇ ಲಾರಿಯನ್ನು ಅಂಗಳದ ನಡುಮಧ್ಯೆ, ಆಗಷ್ಟೇ ತೊಳೆದ ಕಲ್ಲಿನ ಮೇಲೆ ತಂದು ನಿಲ್ಲಿಸಿದ. ಇಂಜಿನ್ ಆಫ್ ಮಾಡಲಿಲ್ಲ. ಇಳಿದು, ಬಗ್ಗಿ ನೋಡಿದ. ಹೊಸ ಪೈಪಿನ ಬಾಯಿಂದ ತೆಳ್ಳನೆಯ ಹಬೆ ಬರುತ್ತಿತ್ತು. ತೊಟ್ಟು ಬೀಳಲಿ ಎಂದು ಅವನು ಕಾದ. ಬೀಳಲಿಲ್ಲ. ಇವತ್ತೇ ಬೀಳಲಿಲ್ಲ! ಶಿವರಾಮು ತನ್ನ ಕೆಲಸವನ್ನು ಅಷ್ಟು ಚೆನ್ನಾಗಿ ಮಾಡಿದ್ದ.

"ಎಲ್ ಸತ್ತೋಗಿದ್ಲಾ ಬೆಳಗಿಂದ?" ಚಲುವರಾಜು ಕುರ್ಚಿಯಿಂದಲೇ ಕೂಗಿದ. ಕೋಪವೇನೂ ಇರಲಿಲ್ಲ. "ಹೊರೆ ಕಟ್ಟಿ ಮಡಗವ್ರೆ, ಒಣಗ್ತಾ ಅದೆ. ಏನಾಗಿತ್ತು ಗಾಡಿಗೆ?"

ಈಗ. ನೋಡಿ, ಇದು ನನ್ನ ಲಾರಿ.

"ಬ್ರೀದರ್ ಕಟ್ಕೊಂಡಿತ್ತು," ಅಂದ ಕೆಂಪರಾಜು. "ಹೊಸ್ದು ಹಾಕ್ಸುದ್ವಿ."

"ಕ್ಯಾನ್ ಎಲ್ಲೋ? ಬಿಚ್ಬುಟ್ರಾ? ಲೇ ಮರಿಸಿದ್ದ, ಇಳ್ದು ಕಟ್ಲಾ ಮೊದ್ಲು. ನಮ್ಮೋಳು ಈಗ್ ತಾನೆ ತೊಳ್ದವ್ಳೆ, ನೋಡುದ್ರೆ ನನ್ ತೊಳೀತಾಳೆ."

ಪಕ್ಕದಲ್ಲಿದ್ದವರು ನಕ್ಕರು. ಇಂದ್ರಮ್ಮ ಕಾಫಿ ತಂದಳು. ಜಗಲಿಯ ಮೇಲೆ ತಟ್ಟೆಯಿಂದ ಸ್ಟೀಲ್ ಲೋಟಗಳು ಇಳಿದವು. ಅವಳು ಮೆಟ್ಟಿಲಿಳಿದು ಬಂದು ಕೆಂಪರಾಜುವಿನ ಕೈಗೆ ಕಾಗದದ ಲೋಟ ಕೊಟ್ಟಳು. "ಬಿಸಿ ಅದೆ ಕಣಪ್ಪ, ಅಂಚ್ ಇಡ್ಕೊ," ಅಂದಳು. ಅವನು ಅಂಚು ಹಿಡಿದುಕೊಂಡ. ಸುಡುತ್ತಿತ್ತು. ಒಂದು ಕೈಯಲ್ಲಿ ಸುಡುವ ಲೋಟ ಹಿಡಿದುಕೊಂಡು ಸಿಟ್ಟಿನ ಮಾತನಾಡುವುದು ಹೇಗೆ? ಕೆಳಗಿಡಬೇಕು, ಇಡಲು ಜಾಗವಿಲ್ಲ, ಕಲ್ಲಿನ ಮೇಲೆ ಇಟ್ಟರೆ ಕಲೆಯಾಗುತ್ತದೆ. ಕಲೆಯಾಗುತ್ತದೆ! ತಾನು ಹಾಗೆ ಯೋಚಿಸಿದ್ದು ಗೊತ್ತಾಗಿ ಅವನಿಗೆ ತನ್ನ ಮೇಲೇ ಉಗುಳಬೇಕೆನ್ನಿಸಿತು. ಕಾಫಿ ಮುಗಿಯಲಿ, ಎಂದುಕೊಂಡ. ಕುಡಿದು, ಲೋಟ ಬಿಸಾಡಿ, ಕ್ಯಾನು ತರುತ್ತೇನೆ. ಬೇಗ ಕುಡಿಯಲು ಹೋಗಿ ನಾಲಿಗೆ ಸುಟ್ಟುಕೊಂಡ.

ಅಷ್ಟರಲ್ಲಿ ಕ್ಯಾಬಿನ್ನಿನ ಆ ಕಡೆಯ ಬಾಗಿಲು ತೆರೆಯಿತು. ಮರಿಸಿದ್ದಯ್ಯ ಇಳಿದ, ಹಿಂದುಮುಂದಾಗಿ, ಒಂದೊಂದೇ ಕಾಲು ಇಟ್ಟು, ಕ್ಯಾನನ್ನು ಎದೆಗೆ ಅವುಚಿಕೊಂಡು. ಟವೆಲ್ಲು ಸೀಟಿನ ಮೇಲೆಯೇ ಉಳಿದಿತ್ತು. ಅವನು ಲಾರಿಯ ಮುಂದಿನಿಂದ ಸುತ್ತಿ ಬಂದ.

"ಹಾ, ತಂದ್ಯಾ? ಕಟ್ಟು, ಬಿಗಿಯಾಗ್ ಕಟ್ಟು," ಅಂದ ಚಲುವರಾಜು, ಮತ್ತೆ ಮೊಬೈಲಿಗೆ ಮುಖ ಹಾಕಿ.

ಮರಿಸಿದ್ದಯ್ಯ ಪೈಪಿನ ಹತ್ತಿರ ಬಗ್ಗಲಿಲ್ಲ. ಅಂಗಳದ ನಡುವೆ, ಜಗಲಿಗೆ ಎದುರಾಗಿ ನಿಂತ. ಕ್ಯಾನಿನ ಬಾಯಿಯ ಬಟ್ಟೆಯನ್ನು ಕಿತ್ತು, ಅದನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡ. ಕ್ಯಾನು ಓರೆಯಾಯಿತು. ಕಪ್ಪಗೆ, ಮಂದವಾಗಿ, ಒಂದು ತಿಂಗಳ ಸುಟ್ಟ ಆಯಿಲ್ಲು ಗೊಳಕ್ ಎಂದು ಕಲ್ಲಿನ ಮೇಲೆ ಬಿತ್ತು. ಬಿದ್ದದ್ದು ಕಲ್ಲುಗಳ ಸಂದಿಯನ್ನು ಹುಡುಕಿಕೊಂಡು ಗೆರೆ ಗೆರೆಯಾಗಿ ಜಗಲಿಯ ಕಡೆ ಹರಿಯತೊಡಗಿತು.

"ಲೇ ಲೇ ಲೇ! ಕಣ್ ಕಾಣಕಿಲ್ವೇನ್ಲಾ ಮುದೀಯಾ!" ಚಲುವರಾಜು ಎದ್ದು ನಿಂತ. ಕುರ್ಚಿ ಹಿಂದಕ್ಕೆ ಬಿತ್ತು. ಇಂದ್ರಮ್ಮ ಅಯ್ಯೋ ಅಂದಳು.

ಆಮೇಲೆ ಏನಾಯಿತು ಎಂಬುದು ಕೆಂಪರಾಜುವಿಗೆ ತಡವಾಗಿ ತಿಳಿಯಿತು. ಲೋಟ ಕೈಯಿಂದ ಎಲ್ಲೋ ಬಿದ್ದಿತ್ತು. ಅವನು ಮಂಡಿಯೂರಿದ್ದ. ಅಂಗಿಯನ್ನು ಬಿಚ್ಚಿ, ಎರಡೂ ಕೈಯಲ್ಲಿ ಹಿಡಿದು, ಕಲ್ಲನ್ನು ಒರೆಸುತ್ತಿದ್ದ. ಹರಿಯುವ ಗೆರೆಗೆ ಅಡ್ಡಲಾಗಿ ಬಟ್ಟೆ ಒತ್ತಿ ಹಿಡಿದು, ಅದು ಇನ್ನೊಂದು ಸಂದಿಯಿಂದ ನುಸುಳಿದರೆ ಅಲ್ಲಿಗೆ ಹಾರಿ, ಅವಸರವಾಗಿ, ಈ ಕೆಲಸವನ್ನು ಹುಟ್ಟಿದಾಗಿನಿಂದ ಮಾಡಿಕೊಂಡು ಬಂದವನ ಹಾಗೆ ಅಚ್ಚುಕಟ್ಟಾಗಿ. ಎದೆಯ ಮೇಲೆ ಬಿಸಿಲು ಬೀಳುತ್ತಿತ್ತು. ಯಾರೋ ಮಾತಾಡುತ್ತಿದ್ದರು, ಬೇಡುವ ದನಿಯಲ್ಲಿ, ನಿಲ್ಲಿಸದೆ: ವಯಸ್ಸಾಗದೆ, ಕೈ ಜಾರ್ಬುಡ್ತು, ನಾನ್ ತೊಳ್ದ್ ಕೊಡ್ತೀನಿ, ತಪ್ಪಾಯ್ತು ಬುದ್ಧಿ. ತಪ್ಪಾಯ್ತು ಬುದ್ಧಿ. ಆ ದನಿ ತನ್ನದು.

"ವಯಸ್ಸಾದ್ಮೇಲೆ ಮನೇಲಿ ಕುಂಡ್ರುಸ್ಬೇಕಪ್ಪ," ಚಲುವರಾಜು ಅಂದ. ಅವನ ಸಿಟ್ಟು ಆಗಲೇ ಇಳಿಯುತ್ತಿತ್ತು, ಕುರ್ಚಿಯನ್ನು ಎತ್ತಿ ನಿಲ್ಲಿಸುತ್ತಿದ್ದ. "ಓಗ್ಲಿ ಬುಡು. ಸೋಪಿನ್ ಪುಡಿ ಕೊಡೆ ಇವ್ನಿಗೆ. ಕೈ ಜಾರುದ್ರೆ ಯಾರೇನ್ ಮಾಡಕಾಯ್ತದೆ."

ಕೆಂಪರಾಜುವಿನ ಕೈಯ ಪಕ್ಕದಲ್ಲಿ, ಕಪ್ಪು ಹರಿಯುತ್ತಿದ್ದ ಕಲ್ಲಿನ ಮೇಲೆ, ಅಪ್ಪನ ಬರಿಯ ಪಾದಗಳು ನಿಂತಿದ್ದವು. ಅವು ಕದಲಲಿಲ್ಲ. ಹಿಂದೆ ಇಂಜಿನ್ನು ಒಂದೇ ಸಮನೆ, ಹಗುರಾಗಿ ಓಡುತ್ತಿತ್ತು.

"ಏಳ್ಲಾ ಮೇಲೆ," ಅಂದ ಮರಿಸಿದ್ದಯ್ಯ.

ಕೆಂಪರಾಜು ತಲೆಯೆತ್ತಿದ. ಅಪ್ಪ ಅವನನ್ನು ನೋಡುತ್ತಿರಲಿಲ್ಲ, ಜಗಲಿಯನ್ನು ನೋಡುತ್ತಿದ್ದ.

"ಒರಸ್ಬ್ಯಾಡ. ನನ್ ಕೈ ಜಾರ್ನಿಲ್ಲ," ಅಂದ ಅವನು, ಎಲ್ಲರಿಗೂ ಕೇಳುವ ಹಾಗೆ. ಕ್ಯಾನನ್ನು ಪೂರ್ತಿ ಬೋರಲು ಮಾಡಿ, ಕೊನೆಯ ತೊಟ್ಟು ಬೀಳುವವರೆಗೂ ಹಾಗೇ ಹಿಡಿದುಕೊಂಡು ನಿಂತ.